‘ದಪ್ಪ ಮಿಸ್’

ಕೊಡಗಿನ ಗೋಣಿಕೊಪ್ಪಲಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಎತ್ತರ, ತೂಕ ಬರೆದಿಡುವ ಕೆಲಸವೂ ನನ್ನದೇ. ಈ ಸಲ ತೂಕದ ಯಂತ್ರ ಹತ್ತಿಸುವ ಮೊದಲು ಒಬ್ಬೊಬ್ಬರನ್ನೇ ಕರೆದು, ‘ನಿನ್ನ ಮೈಕಟ್ಟು ನಿನಗೆ ಹೇಗೆ ಕಾಣುತ್ತದೆ?’ ಎಂದು ಕೇಳಿದೆ. ಹಾಕಿ ಆಡುವ ಗಟ್ಟಿಮುಟ್ಟಾದ ಹುಡುಗಿಯರು ಬಹುತೇಕ ‘ದಪ್ಪ ಮಿಸ್’ ಎಂದರು. ಅವರೆಲ್ಲರ ತೂಕ ವಯಸ್ಸಿಗೆ ತಕ್ಕಂತೆಯೇ ಇತ್ತು. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ತೆಳ್ಳಗಿನ ಹುಡುಗಿಯೊಬ್ಬಳು ಮಾತ್ರ ‘ಸರಿಯಾಗಿದ್ದೇನೆ’ ಎಂದು ಹೆಮ್ಮೆಯಿಂದ ಹೇಳಿದಳು. ಮೈದಾನವನ್ನು ಒಂದು ಸುತ್ತು ಓಡಿದರೆ ಅವಳಿಗೆ ಏದುಸಿರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ. ತೆಳ್ಳಗಿರುವುದನ್ನೇ ಆರೋಗ್ಯವೆಂದುಕೊಂಡರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹುಡುಗರದು ಬೇರೆ ಚಿಂತೆ. ‘ಮೊಬೈಲ್ ನನ್ನ ತೂಕ ಕಡಿಮೆ ಎನ್ನುತ್ತದೆ’ ಎಂದು ಪ್ರೋಟೀನ್ ಪುಡಿಯ ಬೆಲೆ ವಿಚಾರಿಸುತ್ತಾರೆ. ಮೊಬೈಲ್ ತೋರಿಸುವುದು ದೊಡ್ಡವರ ಲೆಕ್ಕ. ಅದರಲ್ಲಿ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ 18.5ಕ್ಕಿಂತ ಕಡಿಮೆ ಎಂದರೆ ಕೃಶ. ಆದರೆ 13ರ ಹುಡುಗನಿಗೆ 17.5 ಇದ್ದರೂ ಏನೂ ಕೊರತೆಯಿಲ್ಲ. ಬೆಳೆಯುವ ಮಕ್ಕಳಿಗೆ ವಯಸ್ಸು, ಲಿಂಗ ನೋಡಿ ಅಳೆಯುವ ಪಟ್ಟಿಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ, ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಅದನ್ನು ಕೊಟ್ಟಿವೆ.

ನನ್ನನ್ನು ಹೆಚ್ಚು ಕಾಡಿದವಳು ತಂಡದ ಒಬ್ಬ ಡಿಫೆಂಡರ್. ಬುತ್ತಿಯ ಕಡಂಬುಟ್ಟುಗಳನ್ನು (ಅಕ್ಕಿ ತರಿಯ ಉಂಡೆಗಳನ್ನು) ಗೆಳತಿಯರಿಗೆ ಹಂಚಿ, ತಾನು ಬರಿಯ ಪಲ್ಯ ತಿಂದು ಏಳುತ್ತಿದ್ದಳು. ಸುಗ್ಗಿಹಬ್ಬ ಪುತ್ತರಿಗೆ ಬಂದ ನೆಂಟರೊಬ್ಬರು ಎಲ್ಲರೆದುರು ಅವಳ ತೋಳು ಚಿವುಟಿ, ‘ಹೀಗೆ ಊದಿದರೆ ನಮ್ಮ ಕೊಡವ ಕ್ರಮದಲ್ಲಿ ಹಿಂದೆ ನೆರಿಗೆ ಹಾಕಿ ಸೀರೆ ಉಡುವುದು ಹೇಗೆ?’ ಎಂದರಂತೆ. ಪ್ರೀತಿಯಿಂದಲೇ ಅಂದಿರಬಹುದು. ಆದರೂ ಆ ಮಾತಿಗೆ ಕ್ಷಮೆಯಿಲ್ಲ ಎಂದು ನನಗೆ ಅನಿಸುತ್ತದೆ. ಮುಟ್ಟು ಶುರುವಾಗುವ ಆಸುಪಾಸಿನಲ್ಲಿ ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಕೂಡುವುದು ಬೆಳವಣಿಗೆಯ ಲಕ್ಷಣ. ಆಗ ತೂಕ ಏರಲೇಬೇಕು.

ಮಕ್ಕಳ ಆ ಪಟ್ಟಿ ಬಿಡಿಸಿ, ಅವಳ ಅಳತೆಯ ಚುಕ್ಕೆ ಆ ವಯಸ್ಸಿನವರ ನಡುಮಟ್ಟ ತೋರಿಸುವ ನಡುಗೆರೆಯ ಪಕ್ಕದಲ್ಲೇ ಇರುವುದನ್ನು ತೋರಿಸಿದೆ. ಅವಳು ಬೆರಳಿಟ್ಟು ನೋಡಿ, ‘ಇದನ್ನು ಅಮ್ಮನಿಗೂ ತೋರಿಸುತ್ತೀರಾ ಮಿಸ್?’ ಎಂದಳು. ಶನಿವಾರ ಅವಳ ತಾಯಿಯನ್ನು ಬರಹೇಳಿದ್ದೇನೆ.