18 ತುಂಬಿದ್ಮೇಲೆ ಯಾರು ಸೈನ್ ಹಾಕ್ಬೇಕು?

ಚಿಂತಾಮಣೀಲಿ ನಮ್ ಪಕ್ಕದ್ಮನೆ ಅಕ್ಕನ ಮಗನಿಗೆ 18 ತುಂಬ್ತು, ಬುದ್ಧಿ ಬೆಳವಣಿಗೆ ನಿಧಾನ ಇರೋ ಹುಡುಗ, ಟೊಮೇಟೊ ಮಂಡೀಲಿ ಅಪ್ಪನ ಜೊತೆ ಕ್ರೇಟ್ ಜೋಡಿಸ್ತಾನೆ, ಯಾರ್ ಸಿಕ್ಕಿದ್ರೂ ಊಟ ಆಯ್ತಾ ಅಂತಾನೆ. ಬ್ಯಾಂಕಿಗೆ ಹೋದ್ರೆ ಇನ್ಮೇಲೆ ನಿಮ್ ಸೈನ್ ನಡಿಯಲ್ಲಮ್ಮ, ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಅಂದ್ರಂತೆ. ಹೆತ್ತ ತಾಯಿಗೆ! 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಅದನ್ನ ಕೊಡೋದು ಡಿಸಿ ಇರೋ ಲೋಕಲ್ ಲೆವೆಲ್ ಕಮಿಟಿ, ಆದ್ರೆ ಪಾಪ ಆಕೆಗೆ ಇದನ್ನ ಯಾರೂ ಹೇಳಿರ್ಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಲಿಮಿಟೆಡ್ ಗಾರ್ಡಿಯನ್‌ಶಿಪ್ ಅನ್ನುತ್ತೆ, ಅಂದ್ರೆ ಅವನ ಇಷ್ಟ ಏನು ಅಂತ ಅವನನ್ನೂ ಕೇಳಿ ಜೊತೆಗೆ ಕೂತು ನಿರ್ಧಾರ ಮಾಡ್ಬೇಕು. ನಂಗೆ ಇದೇ ತುಂಬಾ ದೊಡ್ಡದು ಅನ್ಸುತ್ತೆ, ಅವನ ಬಗ್ಗೆ ಊರೆಲ್ಲಾ ಮಾತಾಡುತ್ತೆ, ನಿಂಗೇನಪ್ಪಾ ಬೇಕು ಅಂತ ಅವನನ್ನ ಕೇಳೋರು ಯಾರು?

ಬಸ್‌ಸ್ಟ್ಯಾಂಡಲ್ಲಿ ರೇಗಿಸೋರೂ ಕೇಳಿಸ್ಕೊಳ್ಳಿ, ಅಂಗವಿಕಲರಿಗೆ ಜನರ ಮುಂದೆ ಬೇಕಂತ ಅವಮಾನ ಮಾಡಿದ್ರೆ ಇದೇ 2016ರ ಕಾಯ್ದೆಯ ಸೆಕ್ಷನ್ 92ರಲ್ಲಿ 6 ತಿಂಗಳಿಂದ 5 ವರ್ಷ ಜೈಲು. ಸ್ಟೇಷನ್‌ನೋರಿಗೂ ಇದು ಗೊತ್ತಿರ್ಬೇಕು.

ಕಮಿಟಿ ಮೀಟಿಂಗು ತಾಲ್ಲೂಕಲ್ಲೂ ನಡೀಲಿ ಅಂತ ಡಿಸಿ ಸಾಹೇಬ್ರಿಗೆ ಅರ್ಜಿ ಬರೀತಿದೀವಿ, ಸೈನ್ ಹಾಕೋರು ಭಾನುವಾರ ಸಂಜೆ ಮನೆ ಹತ್ರ ಬನ್ನಿ.