ಒಂದು ಗ್ರಾಂನಲ್ಲಿ ಎಷ್ಟಿದೆ?

ಟ್ರೇ ಮೇಲೆ ಎರಡು ಪುಟ್ಟ ಸೀಸೆ. ಒಂದರಲ್ಲಿ ಆರೋಗ್ಯವಾಗಿದ್ದ ಥೈರಾಯ್ಡ್ ಗ್ರಂಥಿಯ ಪುಡಿ, ಇನ್ನೊಂದರಲ್ಲಿ ಊದಿಕೊಂಡಿದ್ದ ಥೈರಾಯ್ಡಿನದು, ಅಂದರೆ ಗಳಗಂಡದ್ದು. ಚೀಟಿ ಕಿತ್ತುಹೋದರೆ ಯಾವುದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ.

ಇವುಗಳಲ್ಲಿ ಅಯೋಡಿನ್, ಸೆಲೆನಿಯಂ, ಸತು, ತಾಮ್ರ, ಕಬ್ಬಿಣ, ಕ್ರೋಮಿಯಂ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಮೊದಲ ಸಲ ಎಲ್ಲವನ್ನೂ ಒಟ್ಟಿಗೇ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿಬಿಟ್ಟೆ. ಉಳಿದವೆಲ್ಲ ಸರಿಯಾಗೇ ಬಂದವು, ಅಯೋಡಿನ್ ಮಾತ್ರ ಒಂದೊಂದು ಸಲ ಒಂದೊಂದು ಥರ. ಆಸಿಡ್‌ನಲ್ಲಿ ಅದು ಆವಿಯಾಗಿ ಹಾರಿಹೋಗುತ್ತದೆ. ಉಳಿದಿದ್ದು ಅಳೆಯುವ ಮಷಿನ್ನಿನ ಕೊಳವೆಗೆ ಅಂಟಿಕೊಂಡು ಮುಂದಿನ ಸ್ಯಾಂಪಲ್‌ನಲ್ಲಿ ತಲೆಹಾಕುತ್ತದೆ. ಮೂರು ವಾರ ಹೋಯಿತು. ಈಗ ಅಯೋಡಿನ್‌ಗೆ ಅಂತಲೇ ಸ್ವಲ್ಪ ಪುಡಿ ತೆಗೆದಿಟ್ಟು ಕ್ಷಾರದಲ್ಲಿ ಕರಗಿಸುತ್ತೇನೆ.

ಕ್ರೋಮಿಯಂ ಜಾಸ್ತಿ ಬಂದರೆ ನಾನು ಮೊದಲು ಅನುಮಾನಪಡುವುದು ರೋಗವನ್ನಲ್ಲ, ಗ್ರಂಥಿಯನ್ನು ಕತ್ತರಿಸಿದ ಸ್ಟೀಲ್ ಚಾಕುವನ್ನು. ಕಬ್ಬಿಣ ಜಾಸ್ತಿ ಬಂದರೆ, ತುಣುಕಿನಲ್ಲಿ ಉಳಿದ ರಕ್ತವನ್ನು. ಅಯೋಡಿನ್ ಜಾಸ್ತಿ ಬಂದರೆ, ಆಪರೇಷನ್‌ಗೆ ಮುಂಚೆ ರೋಗಿಯ ಕುತ್ತಿಗೆಗೆ ಬಳಿದ, ಅಯೋಡಿನ್ ಇರುವ ಕಂದು ದ್ರಾವಣವನ್ನು. 1895ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಯೂಜೆನ್ ಬೌಮನ್‌ಗೆ ಥೈರಾಯ್ಡಿನಲ್ಲಿ ಅಯೋಡಿನ್ ಸಿಕ್ಕಾಗ ಅವರೇ ಮೊದಲು ನಂಬಲಿಲ್ಲವಂತೆ. ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಗಿತ್ತು.

ಇನ್ನು ಅಸಲು ವಿಷಯ. ಗಳಗಂಡದಲ್ಲಿ ಒಂದು ಗ್ರಾಂಗೆ ಅಯೋಡಿನ್ ಸಾಮಾನ್ಯವಾಗಿ ಕಮ್ಮಿ ಇರುತ್ತದೆ. ಆದರೆ ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ: 20 ಗ್ರಾಂ ಗ್ರಂಥಿಯಲ್ಲಿ 10 ಮಿಲಿಗ್ರಾಂ ಇದ್ದರೆ ಗ್ರಾಂಗೆ ಅರ್ಧ ಮಿಲಿಗ್ರಾಂ. ಅದೇ 10 ಮಿಲಿಗ್ರಾಂ 80 ಗ್ರಾಂಗೆ ಉಬ್ಬಿದ ಗ್ರಂಥಿಯಲ್ಲಿದ್ದರೆ ಗ್ರಾಂಗೆ ಒಂದು ಮಿಲಿಗ್ರಾಂನ ಎಂಟನೇ ಒಂದು ಭಾಗ. ಒಟ್ಟು ಅಯೋಡಿನ್ ಅಷ್ಟೇ, ನೀರು ಬೆರೆಸಿದ ಹಾಲಿನ ಹಾಗೆ. ಅಯೋಡಿನ್ ಸಾಲದೆ ಗ್ರಂಥಿ ಊದಿತೋ, ಊದಿದ್ದಕ್ಕೆ ತೆಳುವಾಯಿತೋ? ಸೀಸೆಯೊಳಗಿನ ಪುಡಿ ಅದನ್ನು ಹೇಳುವುದಿಲ್ಲ. ಎಷ್ಟೋ ಸಲ 'ಆರೋಗ್ಯವಾದ' ತುಣುಕು ಅಂತ ಕೊಡುವುದೂ ಅದೇ ರೋಗಿಯ ಗಂಟಿನ ಪಕ್ಕದ ಜಾಗದಿಂದ ತೆಗೆದದ್ದು. ಅದನ್ನು ಹೋಲಿಕೆಗೆ ಬಳಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಸೆಲೆನಿಯಂ ಕಥೆ ಇನ್ನೂ ಚೆಂದ. ಒಂದು ಗ್ರಾಂಗೆ ಎಷ್ಟು ಅಂತ ನೋಡಿದರೆ, ದೇಹದ ಬೇರೆ ಯಾವ ಅಂಗಕ್ಕಿಂತಲೂ ಥೈರಾಯ್ಡಿನಲ್ಲೇ ಅದು ಜಾಸ್ತಿ. ಹಾರ್ಮೋನ್ ತಯಾರಿಸಲು ಈ ಗ್ರಂಥಿಗೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಅದು ಮಿತಿ ಮೀರಿದರೆ ಜೀವಕೋಶಗಳನ್ನೇ ಸುಡುತ್ತದೆ. ಹಾಗೆ ಸುಡದಂತೆ ಕಾಯುವ ಕಿಣ್ವಗಳಲ್ಲಿ ಸೆಲೆನಿಯಂ ಇದೆ. ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನಿನ ನಾಲ್ಕು ಅಯೋಡಿನ್‌ನಲ್ಲಿ ಒಂದನ್ನು ಕಿತ್ತು ಟಿ3 ಎಂಬ ಇನ್ನೊಂದು ಹಾರ್ಮೋನ್ ಮಾಡುವ ಕಿಣ್ವಕ್ಕೂ ಅದೇ ಬೇಕು.

ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ನಾನು ಸೆಲೆನಿಯಂ ಮಾತ್ರೆ ತಗೊಳ್ಳಲಾ?" ಅಂದರು ಅತ್ತಿಗೆ. ಅವರಿಗೂ ಕತ್ತಿನಲ್ಲಿ ಗಂಟಿದೆ.

"ಬೇಡ ಅತ್ತಿಗೆ, ಡಾಕ್ಟರನ್ನ ಕೇಳಿ. ಜಾಸ್ತಿಯಾದ್ರೆ ಕೂದಲು ಉದುರುತ್ತೆ, ಉಗುರು ಮುರಿಯುತ್ತೆ."

"ಮತ್ತೆ ಇಷ್ಟು ದಿನದಿಂದ ನೀನು ಏನಮ್ಮಾ ಅಳೀತಿರೋದು?"

ನಾನು ಹಾಲಿಗೆ ನೀರು ಬೆರೆಸಿದ ಉದಾಹರಣೆಯಿಂದಲೇ ಮತ್ತೆ ಶುರುಮಾಡಿದೆ.