ಹಾರ್ಪರ್ ಸ್ಮಶಾನ: ಕೊನೆಗೂ ಆ ಅಂಕಿ ಸಿಕ್ಕಿತು

ಅದು 7. 1 ಅಲ್ಲ! ಸವೆದ ಸಮಾಧಿಗಲ್ಲೊಂದರ ಇಸವಿಯ ಕೊನೆಯ ಅಂಕಿಯ ಮಾತು.

ನಾಲ್ಕು ಸಲ ಬೆಟ್ಟ ಹತ್ತಿದ ಮೇಲೆ, ನಿನ್ನೆ ರಾತ್ರಿ ಒಂದು ಗಂಟೆಗೆ ಆ ಅಂಕಿಯ ಮೇಲ್ಗೆರೆ ಕಂಪ್ಯೂಟರ್ ಪರದೆಯ ಮೇಲೆ ಕಂಡಿತು. ಮನೆಯವರು ಮಲಗಿದ್ದರು, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ.

ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರ್ರಿಗೆ ಹೋದವರಿಗೆ ಆ ಏರು ನೆನಪಿರುತ್ತದೆ. ಬಂಡೆ ಕಡಿದ ಮೆಟ್ಟಿಲು ಹತ್ತಿದರೆ 1833ರ ಸೇಂಟ್ ಪೀಟರ್ಸ್ ಚರ್ಚ್. ಅಂತರ್ಯುದ್ಧದಲ್ಲಿ ಅಲ್ಲಿನ ಪಾದ್ರಿ ಬ್ರಿಟಿಷ್ ಬಾವುಟ ಹಾರಿಸಿ, ನಾವು ಯಾರ ಕಡೆಯೂ ಅಲ್ಲ ಎಂದು ತೋರಿಸಿ ಅದನ್ನು ಉಳಿಸಿಕೊಂಡರು. ಜೆಫರ್ಸನ್ ರಾಕ್ ದಾಟಿ ಇನ್ನೂ ಮೇಲೆ ಹೋದರೆ ಸ್ಮಶಾನ. ದೋಣಿ ನಡೆಸುತ್ತಿದ್ದ ರಾಬರ್ಟ್ ಹಾರ್ಪರ್ ಬಿಟ್ಟುಕೊಟ್ಟ ಜಾಗ ಅದು. ಆತ ತೀರಿಕೊಂಡದ್ದು 1782ರಲ್ಲಿ.

ನನ್ನನ್ನು ಕಾಡಿದ್ದು ಒಂದು ಬಿಳಿ ಅಮೃತಶಿಲೆ. ಸ್ಲೇಟ್ ಕಲ್ಲಾಗಿದ್ದರೆ ಈ ಗೋಳೇ ಇರಲಿಲ್ಲ. ಅಮೃತಶಿಲೆ ಮಳೆಯ ಹುಳಿಗೆ ಕರಗಿ ಸಕ್ಕರೆಯ ಹಾಗೆ ಉದುರುತ್ತದೆ. ಶಾಸನದ ಗೀಳಿರುವ ಗೆಳೆಯ "ಕಾಗದ ಒತ್ತಿ ಪಡಿಯಚ್ಚು ತೆಗಿ" ಎಂದ. ಗಟ್ಟಿ ಕಲ್ಲಿಗೆ ಸರಿ. ಇಲ್ಲಿ ಕಾಗದ ಒತ್ತುವ ಬ್ರಶ್ ತಾಗಿದರೆ ಅಕ್ಷರವೇ ಬ್ರಶ್ಶಿನ ಜೊತೆ ಬರುತ್ತದೆ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಶೇವಿಂಗ್ ಕ್ರೀಮ್ ಬಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಮೊದಲು ಕನ್ನಡಿ ಹಿಡಿದೆ. ಪಕ್ಕದಿಂದ ಬಿಸಿಲು ಬಿದ್ದಾಗ ಹೆಸರು ಚೆನ್ನಾಗಿ ಬಂತು, ಇಸವಿಯ ಕೊನೆಯ ಅಂಕಿ ಮಾತ್ರ ಬರೀ ಒಂದು ಕಂಬ. ಯಾಕೆ ಅಂತ ಮೂರನೇ ಸಲ ಹೋದಾಗ ಹೊಳೆಯಿತು. 7ರ ಮೇಲ್ಗೆರೆ ಅಡ್ಡ. ಪಕ್ಕದ ಬೆಳಕು ಆ ಗೆರೆಯ ಉದ್ದಕ್ಕೇ ಹರಿದುಹೋಗುತ್ತದೆ, ನೆರಳು ಬೀಳುವುದೇ ಇಲ್ಲ. ಬೆಳಕು ಮೇಲಿಂದ ಬರಬೇಕು, ಇಲ್ಲವೇ ಕೆಳಗಿಂದ. ಮೇಲೆ ಮರಗಳು. ಕೆಳಗಿಂದ ಫ್ಲಾಶ್ ಹೊಡೆದರೆ ಹುಲ್ಲಿನ ನೆರಳು.

ಸರಿ, ಆರ್‌ಟಿಐಗೆ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ಇಳಿದೆ. ಕ್ಯಾಮೆರಾ ಕದಲಿಸದೆ, ಬೆಳಕಿನ ದಿಕ್ಕು ಮಾತ್ರ ಬದಲಿಸುತ್ತಾ ಹಲವು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಒಂದಾಗಿಸುವ ವಿಧಾನ ಅದು. (ಊರಿಗೆ ಫೋನ್ ಮಾಡಿ "ಆರ್‌ಟಿಐ ಮಾಡ್ತಿದ್ದೀನಿ" ಎಂದರೆ ಭಾವ ಕೇಳಿದ್ದು "ಯಾವ ಇಲಾಖೆ ಮೇಲೆ?") ಹೊಳೆಯುವ ಕಪ್ಪು ಗೋಲಿಗಳನ್ನು ತರಿಸಿದೆ. ಕಲ್ಲಿನ ಪಕ್ಕ ಇಟ್ಟರೆ, ಅವುಗಳ ಮೇಲೆ ಹೊಳೆಯುವ ಚುಕ್ಕೆಯಿಂದ ಬೆಳಕು ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ. ಎರಡು ಸಲವೂ ಗೀರು ಬಿದ್ದವೇ ಬಂದವು. ಗೀರಿದ್ದರೆ ಬೆಳಕಿನ ಚುಕ್ಕೆ ಒಡೆಯುತ್ತದೆ, ಸಾಫ್ಟ್‌ವೇರಿಗೆ ದಿಕ್ಕು ಸಿಗುವುದಿಲ್ಲ. ಮಾರಿದವರು "ಅಲಂಕಾರಕ್ಕೆ ಸಾಕಲ್ವಾ" ಎಂದು ಉತ್ತರ ಬರೆದರು! ಕೊನೆಗೆ ಕೈಹಿಡಿದದ್ದು ಸ್ನೂಕರಿನ ಎರಡು ಕಪ್ಪು ಚೆಂಡು. 52.5 ಮಿ.ಮೀ., ಕನ್ನಡಿಯಂಥ ಹೊಳಪು.

ಈ ನಡುವೆ ಒಂದು ಮಾತು. ದಾರಿಯಲ್ಲೇ ಸೇಂಟ್ ಜಾನ್ಸ್ ಚರ್ಚಿನ ಪಾಳು ಗೋಡೆಗಳಿವೆ. 1852ರದ್ದು, ಯುದ್ಧದಲ್ಲಿ ಆಸ್ಪತ್ರೆಯಾಗಿತ್ತು, 1895ರಲ್ಲಿ ಬಿಟ್ಟುಬಿಟ್ಟರು. ಎಲೆ ಉದುರಿದ ಮೇಲೆ ಪೂರ್ತಿ ಫೋಟೋಗ್ರಾಮೆಟ್ರಿ (ಹಲವು ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟುವುದು) ಮಾಡಲೇಬೇಕು. ಡ್ರೋನ್ ಬೇಡ, ಉದ್ದ ಕೋಲು ಸಾಕು.

ಕೋಲಿನಿಂದಲೇ ಈ ಕಲ್ಲೂ ಬಗ್ಗಿತು. ಅಷ್ಟು ದಿನ ಇಳಿಜಾರನ್ನು ಬೈಯುತ್ತಿದ್ದೆ. ಮೊನ್ನೆ ಮೋಡದ ದಿನ ಕಲ್ಲಿನ ಹಿಂದೆ, ಏರಿನ ಮೇಲೆ ನಿಂತೆ. ಬಣ್ಣ ಬಳಿಯುವವರ ಉದ್ದ ಕೋಲಿಗೆ ಫ್ಲಾಶ್ ಕಟ್ಟಿ ಮುಂದಕ್ಕೆ ಚಾಚಿದೆ. ಇಳಿಜಾರೇ ಏಣಿಯಾಯಿತು. ಕಲ್ಲಿಗೂ ಫ್ಲಾಶಿಗೂ ನಡುವಿನ ದೂರ ಪ್ರತಿ ಸಲ ಒಂದೇ ಇರಲೆಂದು ಮಗಳು ದಾರ ಹಿಡಿದು ಅಳೆದಳು. 48 ಫೋಟೋ. ಅದರಲ್ಲಿ ಮೇಲಿಂದ ಬೆಳಕು ಬಿದ್ದ ಐದರಲ್ಲಿ ಗೆರೆ ಇದೆ, ಸ್ವಲ್ಪ ಬಾಗಿದೆ, ಬಲತುದಿ ಕೆಳಗೆ ತಿರುಗಿದೆ. ಉಳಿ ಹಿಡಿದವನ ಕೈ ಅಷ್ಟು ಸ್ಪಷ್ಟ.

ಪಕ್ಕದಲ್ಲೇ ಒಂದು ಚಿಕ್ಕ ಕಲ್ಲಿದೆ, ಮಗುವಿನದು. ಅದರಲ್ಲೂ ಇಸವಿ ಅಳಿಸಿಹೋಗಿದೆ. ಚೆಂಡುಗಳನ್ನು ಇನ್ನೂ ಚೀಲದಿಂದ ತೆಗೆದಿಲ್ಲ.